ಗುನ್ನೆಲ್ ಕತ್ತರಿಸಿದ ಕರಿ ಸೂಟು

ಗುನ್ನೆಲಳ ಗಂಡ ರೂನೆ ಮನೆ ಬಿಟ್ಟು ಹೋಗುವಾಗ ಕಾಫಿ ಯಂತ್ರವನ್ನೂ ಎತ್ತಿಕೊಂಡು ಹೋದ. ಅದನ್ನು ಕಂಕುಳಲ್ಲಿ ಇರುಕಿಕೊಂಡು, ವೈರನ್ನು ಮೆಟ್ಟಿಲ ಮೇಲೆ ಎಳೆದಾಡಿಸುತ್ತ ಇಳಿಯುತ್ತಿದ್ದವನನ್ನು ಕೆಳಮನೆಯ ರಿತ್ವಾ ನೋಡಿ, "ಏನಯ್ಯಾ, ರಿಪೇರಿಗಾ?" ಎಂದು ಕೇಳಿದಳಂತೆ. "ಹೂಂ, ಹಾಗೇ ಅಂದ್ಕೋ" ಎಂದು ಅವನು ಕಾರು ಹತ್ತಿದ. ಗುನ್ನೆಲ್ ಆಗ ಆಸ್ಪತ್ರೆಯಲ್ಲಿ ಹರಿದ ಹಾಸುಗಳಿಗೆ ತೇಪೆ ಹಾಕುತ್ತ ಕೂತಿದ್ದಳು. ಸಂಜೆ ಮನೆಗೆ ಬಂದವಳಿಗೆ ಸಿಕ್ಕಿದ್ದು ಯಂತ್ರವಿಲ್ಲದ ಅಡುಗೆಕಟ್ಟೆ, ಗಂಡನಿಲ್ಲದ ಹಾಸಿಗೆ. ತುಂಬಿಕೊಂಡಿದ್ದದ್ದು ಅವನ ಬಟ್ಟೆಯ ಬೀರು ಒಂದೇ.

ನಮ್ಮ ಬೊರೋಸ್ ಪಟ್ಟಣದಲ್ಲಿ ಮನೆಗೊಬ್ಬಳಾದರೂ ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಗುನ್ನೆಲ್ ಶರ್ಟಿನ ಕಾರ್ಖಾನೆ ಸೇರಿದವಳು. ಕಾಲರ್ ಹೊಲಿಯುವುದು ಅವಳ ಕೆಲಸ. ಕಾರ್ಖಾನೆ ಮುಚ್ಚಿ, ಕೆಲಸವೆಲ್ಲ ದೂರದ ದೇಶಗಳ ಪಾಲಾದ ಮೇಲೆ ಆಸ್ಪತ್ರೆಯ ಬಟ್ಟೆ ಕೋಣೆಯ ಕೆಲಸ ಹಿಡಿದಳು. ವಾರವೆಲ್ಲ ಊರವರಿಗೆ ಹೊಲಿದು, ವಾರದ ಕೊನೆಗೆ ರೂನೆಗೆ ಹೊಲಿಯುವಳು. ರೂನೆ ಲಾರಿ ಓಡಿಸುತ್ತಿದ್ದ. ಹರೆಯದಲ್ಲಿ ಬಿದ್ದು ಮುರಿದುಕೊಂಡ ಎಡಭುಜ ಇಳಿಜಾರಾಗಿ ಕೂಡಿಕೊಂಡಿತ್ತು. ಅಂಗಡಿಯ ಕೋಟು ಯಾವುದೂ ಅವನ ಮೈಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಕೋಟಿನಿಂದ ಹಿಡಿದು ನೃತ್ಯಕ್ಕೆ ಹಾಕುವ ಶರ್ಟಿನವರೆಗೆ ಎಲ್ಲವೂ ಅವಳ ಕೈಯದೇ. ಇಬ್ಬರೂ ಸೇರಿ ನೃತ್ಯಕೂಟಕ್ಕೆ ಹೋಗುತ್ತಿದ್ದರು. ಅವಳ ಮೊಣಕಾಲು ಹಿಡಿದುಕೊಂಡ ಮೇಲೆ ಅವನೊಬ್ಬನೇ ಹೋಗತೊಡಗಿದ. ಪಕ್ಕದ ಊರಿನ ಇವೊನ್ ಎಂಬವಳು ಅವನಿಗೆ ಸಿಕ್ಕಿದ್ದು ಅಲ್ಲೇ. ಇವೊನ್ ಮನಸೋತದ್ದು ರೂನೆಗೋ ಅವನ ಶರ್ಟಿಗೋ ಎಂಬುದರ ಬಗ್ಗೆ ನಮ್ಮಲ್ಲಿ ಈಗಲೂ ಒಮ್ಮತವಿಲ್ಲ.

ನಮ್ಮಲ್ಲಿ ಎಂದರೆ ಶನಿವಾರದ ಹೆಂಗಸರಲ್ಲಿ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕಕ್ಕೆ ಉದ್ದ ಮೇಜಿನ ಒಂದು ಕೋಣೆಯಿದೆ. ಶನಿವಾರ ತಿಂಡಿ ಮುಗಿಸಿ ನಾವೊಂದಿಷ್ಟು ಜನ ಹೊಲಿಗೆ ಯಂತ್ರ ಹೊತ್ತು ಅಲ್ಲಿಗೆ ಇಳಿಯುತ್ತೇವೆ. ಹಳೇ ಪರದೆ ಸಂತೆಚೀಲವಾಗುತ್ತದೆ, ಮಂಡಿ ಹರಿದ ಜೀನ್ಸು ಕುರ್ಚಿಯ ಮೆತ್ತೆಯಾಗುತ್ತದೆ, ನಡುವೆ ಸವೆದ ಹಾಸು ಅಂಚುಗಳ ಕಡೆಯಿಂದ ಮಕ್ಕಳ ಲಂಗವಾಗುತ್ತದೆ. ಕಷ್ಟದ ಕೆಲಸ ಯಾವುದೂ ಅಲ್ಲ.

ರೂನೆ ಹೋದ ಮುಂದಿನ ಶನಿವಾರವೂ ಗುನ್ನೆಲ್ ಬಂದಳು. ಯಂತ್ರದ ಪೆಡಲನ್ನು ಜೀವ ಹೋಗುವ ಹಾಗೆ ತುಳಿಯುತ್ತಿದ್ದಳು. ಆಗ ಫೋನು ಬಂತು. ಎರಡೂ ಕೈ ಬಟ್ಟೆಯ ಮೇಲಿದ್ದುದರಿಂದ ಸ್ಪೀಕರ್ ಒತ್ತಿದಳು. ರೂನೆಯ ದನಿ ಕೋಣೆಯನ್ನೆಲ್ಲ ತುಂಬಿತು.

"ಗುನ್ನೆಲ್, ಶರ್ಟುಗಳನ್ನ ಪೆಟ್ಟಿಗೇಲಿ ಹಾಕಿಟ್ಟಿರು, ನಾಳೆ ಬಂದು ತಗೊಂಡು ಹೋಗ್ತೀನಿ. ಹಾಗೇ ಒಂದ್ಸಲ ಇಸ್ತ್ರಿ ಆಡಿಸ್ಬಿಡು. ಇವೊನ್‌ಗೆ ಕಾಲರ್ ಸರಿಯಾಗಿ ಬರಲ್ಲ."

ಎಲ್ಲರ ಯಂತ್ರವೂ ನಿಂತಿತು. ಗುನ್ನೆಲ್ ಫೋನನ್ನೇ ನೋಡುತ್ತಿದ್ದಳು.

"ಕೇಳಿಸ್ತಾ?" ಅಂದ ರೂನೆ.

"ಕೇಳಿಸ್ತು. ಇಲ್ಲಿರೋರಿಗೆಲ್ಲ ಕೇಳಿಸ್ತು," ಎಂದು ಅವಳು ಫೋನು ಇಟ್ಟಳು.

ಮೊಣಕಾಲು ನೋವಿನವಳು ಮೆಟ್ಟಿಲು ಹತ್ತಿ ಹೋದ ವೇಗ ನೋಡಬೇಕಿತ್ತು. ತೋಳು ತುಂಬ ಬಟ್ಟೆ ಹೊತ್ತು ಬಂದು ಮೇಜಿನ ಮೇಲೆ ಸುರಿದಳು, ಮತ್ತೆ ಹೋದಳು, ಮತ್ತೆ ತಂದಳು. ಆಮೇಲೆ ದೊಡ್ಡ ಕತ್ತರಿ ಹಿಡಿದು ವೈನ್ ಬಣ್ಣದ ನೃತ್ಯದ ಶರ್ಟನ್ನು ಬೆನ್ನಿನ ಕಡೆಯಿಂದ ಸೀಳಿದಳು.

"ಇಸ್ತ್ರಿ ಮಾಡ್ಬೇಕಂತೆ ಇಸ್ತ್ರಿ. ಬಾ ಮಾಡ್ತೀನಿ."

ನಾವ್ಯಾರೂ ತಡೆಯಲಿಲ್ಲ. ಅಂದು, ಅದರ ಮುಂದಿನ ಎಷ್ಟೋ ಶನಿವಾರ ಅವಳು ಕತ್ತರಿಸಿದಳು, ನಾವು ಜೊತೆಗೆ ಕೂತು ಹೊಲಿದೆವು. ಶರ್ಟಿನ ಬೆನ್ನು ಏಪ್ರನ್ ಆಯಿತು. ಗುಂಡಿ ಕಾಜಗಳ ಸಮೇತ ಮುಂಭಾಗ ದಿಂಬಿನ ಗವಸಾಯಿತು. ಜಿಪ್ಪು ಕೂಡಿಸುವ ಕೆಲಸವೇ ಇಲ್ಲ, ಗುಂಡಿ ಬಿಚ್ಚಿದರೆ ದಿಂಬು ಹೊರಗೆ. ತೋಳುಗಳ ಒಂದು ತುದಿ ಮುಚ್ಚಿ ಬ್ರೆಡ್ಡಿನ ಚೀಲ ಮಾಡಿದೆವು. ಕಾರ್ಡುರಾಯ್ ಪ್ಯಾಂಟಿನ ಕಾಲಿಗೆ ಮರಳು ತುಂಬಿ ಬಾಗಿಲ ಸಂದಿಯ ಚಳಿಗಾಳಿಗೆ ಅಡ್ಡ ಇಟ್ಟೆವು. ಯಾವುದಕ್ಕೂ ಬಾರದ ಚೂರುಗಳನ್ನು ರಿತ್ವಾ ಪಟ್ಟಿ ಪಟ್ಟಿ ಹರಿದು ಚಿಂದಿ ಜಮಖಾನೆ ನೇಯಲು ಒಯ್ದಳು.

ಕೊನೆಗೆ ಉಳಿದದ್ದು ಕರಿ ಸೂಟು. ಒಳ್ಳೆಯ ಉಣ್ಣೆ. ಅದರ ಮೇಲೆ ಸೀಮೆಸುಣ್ಣದ ಗೆರೆ ಬೀಳುವಾಗ ರಿತ್ವಾ ಮಾತ್ರ ಬಾಯಿಬಿಟ್ಟಳು.

"ಅದೊಂದನ್ನ ಬಿಡೇ ಮಾರಾಯ್ತಿ. ಸಾವುನೋವಿಗೆ ಹಾಕೋ ಬಟ್ಟೆ."

"ಯಾರ ಸಾವಿಗೆ? ನನ್ನ ಸಾವಿಗಾ? ಅವನು ಬರೋದೇ ಬೇಡ."

ಪ್ಯಾಂಟು ನೆಲ ಮುಟ್ಟುವ ಲಂಗವಾಯಿತು. ಕೋಟು ತೋಳು ಕಳೆದುಕೊಂಡು, ಸೊಂಟದಲ್ಲಿ ಬಿಗಿಯಾಗಿ ಅವಳ ವೇಸ್ಟ್‌ಕೋಟಾಯಿತು. ಎಡಭುಜಕ್ಕೆಂದು ತಾನೇ ಒಳಗಿಟ್ಟಿದ್ದ ಹತ್ತಿಯ ಮೆತ್ತೆಯನ್ನು ಕಿತ್ತು ಕಸದ ಬುಟ್ಟಿಗೆ ಎಸೆದಳು.

ನಾಳೆ ಬರುತ್ತೇನೆ ಎಂದಿದ್ದ ರೂನೆ ಬಟ್ಟೆ ಕೇಳಲು ತಾನು ಬರಲೇ ಇಲ್ಲ. ಕೆಲವು ವಾರ ಬಿಟ್ಟು ಮಗ ಸ್ತಾಫಾನ್‌ನನ್ನು ಕಳಿಸಿದ. ನಡುಮನೆಯಲ್ಲಿ ಅಪ್ಪನ ಶರ್ಟುಗಳು ದಿಂಬಿನ ರೂಪದಲ್ಲಿ ಸಾಲಾಗಿ ಕೂತದ್ದನ್ನು ನೋಡಿ ಅವನ ಮುಖ ಕೆಂಪಾಯಿತು.

"ಅಮ್ಮಾ, ನಿನಗೇನು ಬುದ್ಧಿ ಇದೆಯಾ? ಊರೆಲ್ಲ ನಗ್ತಿದೆ."

"ಊರು ನಗ್ತಿರೋದು ಯಾರನ್ನ ನೋಡಿ ಅಂತ ಸರಿಯಾಗಿ ವಿಚಾರಿಸ್ಕೊಂಡು ಬಾ."

"ಅಪ್ಪ ತಪ್ಪು ಮಾಡಿರಬಹುದು. ಅದಕ್ಕೆ ಬಟ್ಟೆ ಹರಿಯೋದಾ? ಚಿಕ್ಕ ಹುಡುಗೀರ ಹಾಗೆ."

"ಮಾಡಿರಬಹುದು ಅಂದ್ಯಾ? ಅವನು ಕಾಫಿ ಯಂತ್ರ ಹೊತ್ಕೊಂಡು ಹೋದಾಗ ನೀನು ಒಂದು ಮಾತಾದ್ರೂ ಅಂದ್ಯಾ? ನಾನು ಬೆಳಿಗ್ಗೆ ಬಿಸಿನೀರು ಕುಡಿದು ಕೆಲಸಕ್ಕೆ ಹೋದೆ. ಕೇಳಿದ್ಯಾ ನೀನು?"

ಸ್ತಾಫಾನ್ ಬಾಗಿಲು ಬಡಿದು ಹೋದವನು ಚಳಿಗಾಲ ಕಳೆಯುವವರೆಗೆ ಫೋನು ಮಾಡಲಿಲ್ಲ.

ಕೇಳಿದವನು ಒಬ್ಬನೇ, ರೂನೆಯ ತಮ್ಮ ಎವೆರ್ಟ್. ಅಣ್ಣ ಮನೆ ಬಿಟ್ಟ ವಾರವೇ ಹೊಸ ಕಾಫಿ ಯಂತ್ರ ಹೊತ್ತು ಬಂದು, "ನಮ್ಮನೆಯವರ ಪರವಾಗಿ ತಗೋ. ಅವನಿಗೆ ನಾಚಿಕೆ ಇಲ್ಲ, ನನಗಿದೆ" ಎಂದಿದ್ದ. ಕರಿ ಲಂಗ ತಯಾರಾದಾಗ ಗುನ್ನೆಲ್ ಅದನ್ನು ಉಟ್ಟು ಅವನಿಗೆ ತೋರಿಸಿದಳು. ಎವೆರ್ಟ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಆ ಸೂಟು ಈಗ ಒಂದು ಒಳ್ಳೇ ಮೈಗೆ ಬಂತು ನೋಡು. ನನ್ನ ಹುಟ್ಟುಹಬ್ಬಕ್ಕೆ ಇದನ್ನೇ ಉಟ್ಕೊಂಡು ಬರ್ಬೇಕು. ಅವನೂ ಬರ್ತಾನೆ. ನೋಡ್ಲಿ."

"ಬರ್ತೀನಿ," ಎಂದು ಗುನ್ನೆಲ್ ಮಾತು ಕೊಟ್ಟಳು.

ಹುಟ್ಟುಹಬ್ಬ ಬರಲಿಲ್ಲ. ಅಂಗಳದ ಹಿಮ ಎತ್ತುತ್ತಿದ್ದ ಎವೆರ್ಟ್ ಸಲಿಕೆ ಹಿಡಿದ ಹಾಗೇ ಕುಸಿದು ಹೋದ. ನಮ್ಮ ಕಡೆ ಸತ್ತವರನ್ನು ಮಣ್ಣು ಮಾಡಲು ವಾರಗಳು ಹಿಡಿಯುತ್ತವೆ. ಆ ನಡುವಿನ ಒಂದು ಶನಿವಾರ ರೂನೆ ನೆಲಮಾಳಿಗೆಗೆ ಇಳಿದು ಬಂದ. ಅತ್ತೂ ಅತ್ತೂ ಮುಖ ಊದಿತ್ತು. ಗುನ್ನೆಲ್ ತೊಟ್ಟಿದ್ದದ್ದು ವೈನ್ ಬಣ್ಣದ ಏಪ್ರನ್. ಅವನ ಕಣ್ಣು ಅದರ ಮೇಲೆ ನಿಂತಿತು.

"ನನ್ನ ಕರಿ ಸೂಟು ಕೊಡು ಗುನ್ನೆಲ್. ಎವೆರ್ಟನ ಮಣ್ಣಿಗೆ ಹೋಗ್ಬೇಕು."

"ಇಲ್ಲ."

"ಇಲ್ಲ ಅಂದ್ರೆ?"

"ಅದು ಲಂಗ ಆಯ್ತು."

ರೂನೆ ನಮ್ಮೆಲ್ಲರ ಮುಖವನ್ನೂ ಸುಳ್ಳೆಂದು ಹೇಳುತ್ತಾರೇನೋ ಎಂಬಂತೆ ನೋಡಿದ. "ನಂದು ಅದು," ಅಂದ.

"ನಿಂದಾ?" ಗುನ್ನೆಲ್ ಎದ್ದು ನಿಂತಳು. "ಬಟ್ಟೆ ತಂದದ್ದು ನಾನು. ಅಳತೆ ತಗೊಂಡದ್ದು ನಾನು. ನಿನ್ನ ಭುಜ ಇಳಿದಿರೋದು ನಾಲ್ಕು ಜನಕ್ಕೆ ಕಾಣಬಾರದು ಅಂತ ಒಳಗೆ ಹತ್ತಿ ಇಟ್ಟು ಹೊಲಿದದ್ದು ನಾನು. ನಿಂದು ಅಂತ ಅದರಲ್ಲಿದ್ದದ್ದು ಬೆವರು ಒಂದೇ. ಅದನ್ನ ತೊಳೆದಾಯ್ತು."

"ನನಗೆ ಯಾವ ಅಂಗಡಿ ಕೋಟೂ ಕೂಡಲ್ಲ."

"ಗೊತ್ತು."

"ಅವನು ನನ್ನ ತಮ್ಮ ಕಣೇ."

"ಅದೂ ಗೊತ್ತು. ನೀನು ಹೋದ್ಮೇಲೆ ನನ್ನ ವಿಚಾರಿಸೋಕೆ ಬಂದದ್ದು ಅವನೊಬ್ಬನೇ."

ರೂನೆ ಬಾಗಿಲು ದಾಟಿ ಮೆಟ್ಟಿಲು ಹತ್ತಿದ. ಗುನ್ನೆಲ್ ಕೂತಳು, ಸೂಜಿಗೆ ದಾರ ಪೋಣಿಸಲು ನೋಡಿದಳು. ಎರಡು ಸಲ ತಪ್ಪಿತು. ಸೂಜಿಯನ್ನು ಗೋಡೆಗೆ ಎಸೆದು, "ಅವನನ್ನ ನೋಡಿ ಅಯ್ಯೋ ಅನಿಸ್ತಿದೆಯಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬರೋದು," ಎಂದಳು.

ಎವೆರ್ಟನ ಮಣ್ಣಿನ ದಿನ ಅವಳು ಕರಿ ಲಂಗ, ಕರಿ ವೇಸ್ಟ್‌ಕೋಟು ತೊಟ್ಟು ಇಗರ್ಜಿಗೆ ಬಂದಳು. ನಾನೂ ರಿತ್ವಾಳೂ ಅವಳ ಎರಡು ಪಕ್ಕದಲ್ಲಿ ಕೂತೆವು. ಮುಂದಿನ ಸಾಲಿನಲ್ಲಿ ರೂನೆ, ಅಂಗಡಿಯ ಹೊಸ ಸೂಟಿನಲ್ಲಿ. ಕೋಟು ಒಂದು ಭುಜದಲ್ಲಿ ಜೋಲುತ್ತಿತ್ತು, ಇನ್ನೊಂದರಲ್ಲಿ ಕಿವಿಯ ಕಡೆಗೆ ಎದ್ದಿತ್ತು. ಉದ್ದವಾದ ಪ್ಯಾಂಟಿನ ಅಂಚನ್ನು ಇವೊನ್ ಒಳಗೆ ಮಡಚಿ ಟೇಪು ಅಂಟಿಸಿದ್ದಳು. ಶವಪೆಟ್ಟಿಗೆಗೆ ಹೂವಿಡಲು ಎದ್ದಾಗ ಒಂದು ಕಾಲಿನದು ಬಿಚ್ಚಿಕೊಂಡು ಹಿಮ್ಮಡಿಯ ಕೆಳಗೆ ಸಿಕ್ಕಿ, ಅವನು ಮುಗ್ಗರಿಸಿದ. ಪಾದ್ರಿ ಹಿಡಿದುಕೊಳ್ಳದಿದ್ದರೆ ತಮ್ಮನ ಪೆಟ್ಟಿಗೆಯ ಮೇಲೇ ಬೀಳುತ್ತಿದ್ದ. ಗುನ್ನೆಲ್ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಇಗರ್ಜಿಯ ಸಭಾಂಗಣದಲ್ಲಿ ಕಾಫಿ, ಸೀಗಡಿ ಹರಡಿದ ಬ್ರೆಡ್ಡಿನ ಕೇಕು. ರೂನೆ ಜೋಲುವ ಅಂಚನ್ನು ಎಳೆಯುತ್ತ ನಮ್ಮ ಮೇಜಿಗೆ ಬಂದ. ಇವೊನ್ ದೂರದಲ್ಲೇ ನಿಂತಳು. ಅವನು ಲಂಗವನ್ನೊಮ್ಮೆ ನೋಡಿದ, ನೆಲವನ್ನು ನೋಡಿದ.

"ಗುನ್ನೆಲ್, ಕೈಚೀಲದಲ್ಲಿ ಸೂಜಿ ಇರುತ್ತಲ್ಲ ನಿನ್ನ ಹತ್ರ. ಇದೊಂದು ಸ್ವಲ್ಪ..." ಎಂದು ಕಾಲು ಮುಂದೆ ಚಾಚಿದ. ಮನೆಯಲ್ಲಿ ಚಾಚುತ್ತಿದ್ದ ಹಾಗೆಯೇ.

ಗುನ್ನೆಲಳ ಕೈ ಆಗಲೇ ಚೀಲದೊಳಗಿತ್ತು. ಅಷ್ಟು ವರ್ಷದ ರೂಢಿ. ಅವಳು ತನ್ನ ಕೈಯನ್ನೇ ಒಂದು ಗಳಿಗೆ ನೋಡಿ, ಸೂಜಿ ಮತ್ತು ಕರಿ ದಾರ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಕೂತ್ಕೋ. ಹೊಲ್ಕೋ."

"ನನಗೆ ಬರಲ್ಲ."

"ನನಗೂ ಹುಟ್ಟುತ್ತಾ ಬಂದಿರಲಿಲ್ಲ."

ರೂನೆ ಕೂತ. ದಾರದ ತುದಿಯನ್ನು ಎಂಜಲಲ್ಲಿ ನೆನೆಸಿ ಪೋಣಿಸಲು ಅವನು ಪಟ್ಟ ಪಾಡನ್ನು ಸಭಾಂಗಣವೇ ನೋಡಿತು. ಪಕ್ಕದ ಮೇಜಿನ ಗಂಡಸರು ಕಿಸಕ್ಕೆಂದರು. ಗುನ್ನೆಲ್ ಅವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ನಗೋರು ಎದ್ದು ಬನ್ನಿ. ನಿಮ್ಮ ಕೋಟಿನ ಒಂದು ಗುಂಡಿ ಕೀಳ್ತೀನಿ, ನನ್ನೆದುರಿಗೇ ಹಚ್ಚಿ ತೋರಿಸಿ."

ಯಾರೂ ಏಳಲಿಲ್ಲ. ರೂನೆ ಬೆರಳು ಚುಚ್ಚಿಕೊಂಡು, ಕಾಲುಚೀಲವನ್ನೂ ಸೇರಿಸಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದ. ಕಾಗೆಕಾಲಿನಂಥ ಹೊಲಿಗೆ. ಆದರೂ ನಿಂತಿತು. ಸೂಜಿ ಹಿಂದಿರುಗಿಸಿ ಏನೋ ಹೇಳಲು ಬಾಯಿ ತೆರೆದ. ಗುನ್ನೆಲ್ ಸೂಜಿಯನ್ನು ಚೀಲಕ್ಕೆ ಹಾಕಿ ಮುಖ ತಿರುಗಿಸಿದಳು. ಅವಳು ಅವನನ್ನು ಅಂದು ಕ್ಷಮಿಸಲಿಲ್ಲ, ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸು ಎಂದು ನಾವೂ ಹೇಳಿಲ್ಲ.

ಆ ವಾರ ಎವೆರ್ಟನ ಗೆಳೆಯ ಹೋಲ್ಗರ್ ಅವಳ ಬಾಗಿಲು ತಟ್ಟಿದ. ಅವನ ಹೆಂಡತಿ ತೀರಿ ಹೋಗಿ ಎರಡು ವರ್ಷವಾಗಿತ್ತು. ಅಂದು ನಕ್ಕವರಲ್ಲಿ ಅವನೂ ಒಬ್ಬ.

"ನನಗೂ ಬರಲ್ಲ," ಎಂದು ಕೋಟಿನ ಅಂಚು ಹಿಡಿದು ತೋರಿಸಿದ. ಗುಂಡಿಯ ಜಾಗದಲ್ಲಿ ಪಿನ್ನಿತ್ತು. "ನಗಬಾರದಿತ್ತು. ಕಲಿಸ್ತೀಯಾ?"

"ಹೊಲಿದು ಕೊಡಲ್ಲ. ಬೇಕಾದ್ರೆ ಕಲಿಸ್ತೀನಿ. ಬೈತೀನಿ ಕೂಡ."

"ಬೈಯಿ."

ಹಾಗೆ ನಮ್ಮ ನೆಲಮಾಳಿಗೆಯಲ್ಲಿ ಭಾನುವಾರದ ಗಂಡಸರು ಶುರುವಾದರು. ಹೆಂಡತಿ ಸತ್ತವರು, ಹೆಂಡತಿ ಬಿಟ್ಟವರು, ಹೆಂಡತಿ ಅಟ್ಟಿದವರು. ಹಳೇ ಟವೆಲಿನಿಂದ ಒಲೆಯ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ, ಸವೆದ ಸ್ವೆಟರಿನಿಂದ ಮನೆಯೊಳಗೆ ಮೆಟ್ಟುವ ಚಪ್ಪಲಿ, ಹೀಗೆ ಮೊದಮೊದಲ ಪಾಠ. ಒಬ್ಬರದನ್ನು ಇನ್ನೊಬ್ಬರು ಹೊಲಿದು ಕೊಡಕೂಡದು ಎಂಬುದೊಂದೇ ಕಟ್ಟಳೆ. ಗುನ್ನೆಲ್ ಅವರ ಬೆನ್ನ ಹಿಂದೆ ಸುಳಿದಾಡುತ್ತ ಗದರುವುದು ಒಗೆಯುವ ಕೋಣೆಯವರೆಗೆ ಕೇಳುತ್ತಿತ್ತು.

ಹಿಮ ಕರಗುವ ಹೊತ್ತಿಗೆ ಒಂದು ಭಾನುವಾರ ಸ್ತಾಫಾನ್ ಬಂದ. ಕೈಯಲ್ಲಿ ಗುಂಡಿ ಕಿತ್ತುಹೋದ ಜಾಕೆಟ್ಟು. ನಾನು ಒಗೆದ ಬಟ್ಟೆ ತೆಗೆಯಲು ಹೋದವಳು ಬಾಗಿಲಲ್ಲೇ ನಿಂತೆ.

"ಯಾರು ಕಳಿಸಿದ್ದು?" ಎಂದಳು ಗುನ್ನೆಲ್.

"ಮಾಲಿನ್." ಮಾಲಿನ್ ಅವನ ಹೆಂಡತಿ. "ಇದನ್ನ ಅವಳ ಮುಂದೆ ಇಟ್ಟೆ. 'ನಿಮ್ಮಮ್ಮ ಗಂಡಸರಿಗೆ ಕಲಿಸ್ತಾರಂತೆ, ಅಲ್ಲಿಗೆ ಹೋಗು' ಅಂದ್ಲು."

"ಒಳ್ಳೇ ಹುಡುಗಿ."

"ಅಮ್ಮಾ, ಅವತ್ತು ನಾನು..."

"ಮಾತು ಬೇಡ. ದಾರ ಪೋಣಿಸು."

ಅವನು ತಲೆ ತಗ್ಗಿಸಿ ಬಹಳ ಹೊತ್ತು ಹೊಲಿದ. ಮುಗಿಸಿ ಜಾಕೆಟ್ಟನ್ನು ಮುಂದೆ ಹಿಡಿದ. ಗುನ್ನೆಲ್ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಚಿಕ್ಕ ಕತ್ತರಿ ತೆಗೆದು ಅದನ್ನು ಬುಡಕ್ಕೇ ಕತ್ತರಿಸಿ ಮೇಜಿನ ಮೇಲಿಟ್ಟಳು.

"ಇನ್ನೊಂದ್ಸಲ."