ಶಟರ್ ಇಲ್ಲದ ಅಂಗಡಿಗೆ ಲೋಬಾನದ ಹೊಗೆ

ಅದು ಗುರುವಾರವೋ ಶುಕ್ರವಾರವೋ, ನನಗೆ ಖಚಿತವಿಲ್ಲ. ಗಂಗಾವತಿಯ ಆ ಸೈಕಲ್ ಸಾಮಾನಿನ ಅಂಗಡಿಯ ಬಾಗಿಲು ನೀಲಿ ಎಂದು ನನ್ನ ನೆನಪು. ಮಾಮಾ ಹಸಿರು ಅನ್ನುತ್ತಾರೆ. ಧಾರವಾಡದಲ್ಲಿ ನಾನು ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತು ನಂಬಬಾರದು ಎಂದು ಅಲ್ಲಿ ಕಲಿಸಿದ್ದರು. ಆ ಸಾಕ್ಷಿ ನಾನೇ ಆದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಈ ಕತೆಯಲ್ಲಿ ನಡೆದದ್ದೆಷ್ಟು, ಆಮೇಲೆ ಊಟಕ್ಕೆ ಕೂತಾಗಲೆಲ್ಲ ಸೇರಿಕೊಂಡದ್ದೆಷ್ಟು ಎಂದು ಬೇರೆ ಮಾಡುವುದು ಕಷ್ಟ.

ಮಾಮಾ ಅಂದರೆ ನನ್ನ ಅಕ್ಕನ ಗಂಡ. ಕುಷ್ಟಗಿಯಲ್ಲಿ ಅವರದೊಂದು ಸೈಕಲ್ ರಿಪೇರಿಯ ಡಬ್ಬಿ ಅಂಗಡಿ ಇತ್ತು. ರಸ್ತೆ ಅಗಲವಾದಾಗ ಅದು ಹೋಯಿತು. ಸೈಕಲ್ಲುಗಳು ಅಂಗಡಿಗೆ ಬರುವ ಬದಲು ಅಂಗಡಿಯೇ ಅವುಗಳ ಬಳಿ ಹೋಗಲಿ ಎಂದು ಮಾಮಾ ಹಳೆಯದೊಂದು ಮೂರು ಗಾಲಿಯ ಸರಕಿನ ಟಂಟಂ ಕೊಂಡು, ಒಳಗೆ ಹಲಗೆಯ ಗೂಡು ಹೊಡೆಸಿ, ಮೇಲಿಂದ ಹಿಂದಿನವರೆಗೆ ಪ್ಲಾಸ್ಟಿಕ್ಕಿನ ತಾಡಪತ್ರಿ ಕಟ್ಟಿದರು. ಮೊದಲ ದೊಡ್ಡ ಕೆಲಸ ತಾವರಗೇರಾದ ಒಂದು ಹೈಸ್ಕೂಲಿನದು. ಹುಡುಗಿಯರ ಸೈಕಲ್ಲುಗಳನ್ನೆಲ್ಲ ಸೋಮವಾರದೊಳಗೆ ಶಾಲೆಯ ಅಂಗಳದಲ್ಲೇ ಸರಿ ಮಾಡಿಕೊಟ್ಟರೆ ಸುತ್ತಲಿನ ಶಾಲೆಗಳಿಗೂ ಹೇಳುವೆನೆಂದು ಹೆಡ್‌ಮಿಸ್ಟ್ರೆಸ್ ಮಾತು ಕೊಟ್ಟಿದ್ದರು. ಇದು ಕೈತಪ್ಪಿದರೆ ಟಂಟಂ ಮಾರಿ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವುದೇ ಸೈ ಎಂದು ಮಾಮಾ ಅಕ್ಕನಿಗೆ ಹೇಳಿಬಿಟ್ಟಿದ್ದರು. ಕಾಲೇಜಿನ ಪಾಠದ ಕೆಲಸ ಬಿಟ್ಟು, ಕೂತಲ್ಲಿ ಕೂರಲಾರದೆ ಇದ್ದ ನಾನೂ ಗಾಡಿ ಹತ್ತಿದೆ.

ಟ್ಯೂಬು, ಚೈನು, ಪೆಡಲು, ಬ್ರೇಕಿನ ರಬ್ಬರು ಬೇಕಾಗಿದ್ದವು. ಚಿಲ್ಲರೆ ದರಕ್ಕೆ ಕೊಂಡರೆ ಕೂಲಿಯೇ ಹುಟ್ಟುವುದಿಲ್ಲ. ಯಲಬುರ್ಗಾದ ಅಂಗಡಿಯವರು ನಕ್ಕರು. "ನಾವೂ ಗಂಗಾವತಿಯಿಂದಾನ ತರ್ತೀವ್ರಿ. ನಮ್ಮ ಕಡೆ ತಗೊಂಡ್ರ ಹೋಲ್‌ಸೇಲ್ ಹೆಂಗ ಆಕ್ಕೈತಿ?" ಕೊಪ್ಪಳದಲ್ಲಿ ಟ್ಯೂಬು ಸಿಕ್ಕವು, ಆದರೆ ದೊಡ್ಡ ಗಾಲಿಯವು, ಶಾಲೆಯ ಸೈಕಲ್ಲಿನ ಅಳತೆ ಬೇರೆ.

ಗಂಗಾವತಿಯ ಅಂಗಡಿಯಲ್ಲಿ ಎಲ್ಲವೂ ಇತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಬಿಳಿ ಗಡ್ಡದ ಚಾಚಾ ನಮ್ಮ ಮಾತನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ದುಕಾನ್ ಎಲ್ಲೈತಿ?"

"ಹೊರಗ ನಿಂತೈತ್ರಿ ಚಾಚಾ," ಅಂದರು ಮಾಮಾ.

"ಗಾಡಿ ಅಲ್ಲೋ ತಮ್ಮಾ. ದುಕಾನ್ ಕೇಳಿದೆ."

"ಅದೇರಿ ದುಕಾನ್."

ಅಲ್ಲಿನ ರೂಢಿ ಹಾಗೆ: ಅಂಗಡಿ ಇದ್ದವನಿಗೆ ಮಾತ್ರ ಸಗಟು ದರ. ಅಂಗಡಿ ಇಲ್ಲದವನಿಗೆ ಕೊಟ್ಟರೆ ಇದ್ದವರು ಜಗಳಕ್ಕೆ ಬರುತ್ತಾರೆ. ಚಾಚಾ ಎದ್ದು ಹೊರಗೆ ಬಂದು ಟಂಟಂ ಅನ್ನು ಒಂದು ಸುತ್ತು ಹಾಕಿದರು.

"ಶಟರ್ ಎಲ್ಲಿ?"

ಮಾಮಾ ತಾಡಪತ್ರಿಯನ್ನು ಸರ್ರನೆ ಕೆಳಗೆಳೆದರು. "ಇದೇರಿ ಶಟರ್."

"ಬೋರ್ಡ್?"

ಮಾಮಾ ನನ್ನತ್ತ ಕೈ ತೋರಿಸಿದರು. "ಬರಿಯಾಕ ಅಂತ ಎಂ.ಎ. ಮಾಡಿದವನ್ನ ಕರಕೊಂಡ ಬಂದೀನ್ರಿ. ಇನ್ನೂ ವಿಚಾರ ಮಾಡಾಕತ್ಯಾನ."

"ಇವತ್ತ ಇಲ್ಲಿ ಅದೀ. ನಾಳೆ ಎಲ್ಲಿರ್ತಿ, ಯಾರಿಗೆ ಗೊತ್ತು?"

"ಮಾಲು ಕೊಟ್ರ ತಾವರಗೇರಾ ಸಾಲ್ಯಾಗ ಇರ್ತೀನ್ರಿ. ಕೊಡ್ಲಿಲ್ಲಂದ್ರ ಇಲ್ಲೇ ಗಿರಣ್ಯಾಗ ಚೀಲ ಹೊರ್ತಿರ್ತೀನಿ, ದಿನಾ ಕಾಣ್ತೀನಿ ತಗೋರಿ."

ಚಾಚಾ ನಗಲಿಲ್ಲ. ಅಷ್ಟರಲ್ಲಿ ಲೋಬಾನದ ಧೂಪ ಹಾಕುವ ಫಕೀರ ಬಂದ. ವಾರಕ್ಕೊಮ್ಮೆ ಕೆಂಡದ ಪಾತ್ರೆ, ನವಿಲುಗರಿ ಹಿಡಿದು ಆತ ಬಜಾರಿನ ಅಂಗಡಿ ಅಂಗಡಿಗೂ ಹೊಗೆ ಹಾಕುತ್ತ ಹೋಗುತ್ತಾನೆ. ಗೋಡೆಯ ಮೇಲೆ ಮೆಕ್ಕಾದ ಪಟವಿರಲಿ, ಲಕ್ಷ್ಮಿಯ ಪಟವಿರಲಿ, ಯಾರೂ ಬೇಡ ಅನ್ನುವುದಿಲ್ಲ.

ಇಲ್ಲಿಂದ ಕತೆ ಕವಲೊಡೆಯುತ್ತದೆ. ಚಾಚಾ ಟಂಟಂ ಕಡೆ ಕೈ ಮಾಡಿ, "ಇದಕ್ಕೂ ಹಾಕ್ ಬಾಬಾ," ಎಂದರೆಂದು ನನ್ನ ನೆನಪು. ಮಾಮಾ ಒಪ್ಪುವುದಿಲ್ಲ: ಸಂದಿಯಲ್ಲಿ ಕಂಡ ಹಳೆ ಟೈರು ನೋಡಿ, ಇದೂ ಅಂಗಡಿಯೇ ಎಂದುಕೊಂಡು ಫಕೀರ ತಾನೇ ತಾಡಪತ್ರಿ ಎತ್ತಿದನಂತೆ. ಒಳಗೆ ಬೀಸಿದ ಗರಿಗೆ ಕಿಡಿಯೊಂದು ಹಾರಿ ತಾಡಪತ್ರಿಗೆ ತಗುಲಿತು, ಮಾಮಾ ಅಂಗೈಯಿಂದ ಹೊಡೆದು ಆರಿಸಿದರು ಎಂದೂ ನಾನು ಹೇಳುತ್ತೇನೆ. "ಕಿಡಿನೂ ಇಲ್ಲ, ಗಿಡಿನೂ ಇಲ್ಲ. ನಾ ಕೆಮ್ಮಾಕತ್ತಿದ್ದೆ," ಅನ್ನುತ್ತಾರೆ ಅವರು. ಅಕ್ಕನದು ಮೂರನೆಯ ಪಾಠ: "ಫಕೀರನೂ ಇಲ್ಲ, ಹೊಗಿನೂ ಇಲ್ಲ. ದಾರ್ಯಾಗ ಇಬ್ರೂ ಕೂಡಿ ಕಟ್ಟಿದ ಕತಿ ಇದು."

ನಾನೂ ಮಾಮಾನೂ ಒಪ್ಪುವುದು ಚಾಚಾ ಆಮೇಲೆ ಆಡಿದ ಮಾತನ್ನು. ತಾಡಪತ್ರಿಯ ಸಂದಿಯಿಂದ ಹೊಗೆ ಹೊರಗೆ ಬರುವುದನ್ನು ನೋಡುತ್ತ ಅವರು ಗಡ್ಡ ನೀವಿಕೊಂಡರು. "ಲೋಬಾನ ಬಿದ್ದ ಮ್ಯಾಲೆ ದುಕಾನ್ ಅಲ್ಲ ಅನ್ನಾಕ ಬರಂಗಿಲ್ಲ. ಒಳಗ ಬರ್ರಿ, ಏನೇನ್ ಬೇಕು ಹೇಳ್ರಿ."

ಸೋಮವಾರ ತಾವರಗೇರಾದ ಅಂಗಳದಿಂದ ಹುಡುಗಿಯರು ಗಂಟೆ ಬಾರಿಸುತ್ತ ಹೊರಟಾಗ ಟಂಟಂ ಇನ್ನೂ ಘಮಘಮ ಅನ್ನುತ್ತಿತ್ತು. ಹೆಡ್‌ಮಿಸ್ಟ್ರೆಸ್ ಮಾತು ಉಳಿಸಿಕೊಂಡರು. ಈಗ ಹನುಮಸಾಗರದಿಂದಲೂ ಕರೆ ಬರುತ್ತದೆ. ಅಕ್ಕಿ ಗಿರಣಿಯ ಸುದ್ದಿ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಈಚೆಗೆ ತಾಡಪತ್ರಿ ತೊಳೆಯಲೆಂದು ಬಿಚ್ಚಿ ಅಂಗಳದಲ್ಲಿ ಹಾಸಿದ್ದೆವು. ಹಿಂಬದಿಯ ಅಂಚಿನ ಹತ್ತಿರ ಸೈಕಲ್ ಟ್ಯೂಬಿನ ಪಂಚರ್ ತೇಪೆ ಅಂಟಿತ್ತು. ಯಾವಾಗ ಹಚ್ಚಿದರೆಂದು ಕೇಳಿದರೆ ಮಾಮಾಗೆ ನೆನಪಿಲ್ಲ. ನಾನು ಉಗುರಿನಿಂದ ತೇಪೆ ಕಿತ್ತೆ.

"ಅದನ್ಯಾಕ ಕಿತ್ತಿ ಮಾರಾಯಾ? ಮತ್ತ ಹಚ್ಚಬೇಕು."

ತೇಪೆಯ ಕೆಳಗೆ ಜೋಳದ ಕಾಳಿನಷ್ಟು ಸುಟ್ಟ ತೂತು ಇತ್ತು. ಬೀಡಿಯ ಕಿಡಿಯೂ ಇರಬಹುದಲ್ಲ ಎಂದು ತಿರುವಿ ಹಾಕಿ ನೋಡಿದೆ. ಮಾಮಾ ಬೀಡಿ ಸೇದುವುದಿಲ್ಲ, ನಾನೂ ಇಲ್ಲ. ಹೊರಗಿನವರದ್ದಾದರೆ ಹೊರಮೈ ಸುಡಬೇಕಿತ್ತು. ತೂತಿನ ಅಂಚು ಕರಗಿ ಗಟ್ಟಿಯಾಗಿ ಉಬ್ಬಿದ್ದದ್ದು ಒಳಮೈಯಲ್ಲಿ.