ಈರಪ್ಪಜ್ಜನ ಹುಣಸೆಬರಲು

ಕರಡಿಮಜಲಿನ ವಾದ್ಯಮೇಳ ನಡೆಸುವ ಈರಪ್ಪಜ್ಜ ಎಂಥ ದೊಡ್ಡವರು ಎದುರಿಗಿದ್ದರೂ ಬೆನ್ನು ತೋರಿಸಿಯೇ ನಿಲ್ಲುತ್ತಿದ್ದ. ಮದುವೆಮನೆಯ ಬೀಗರಿಗೂ ಬೆನ್ನು, ಪಲ್ಲಕ್ಕಿಯೊಳಗಿನ ದೇವರಿಗೂ ಬೆನ್ನು. ಅವನ ಮುಖವೇನಿದ್ದರೂ ತನ್ನ ಮೇಳದ ಹದಿಮೂರು ಮಂದಿಗೆ ಮಾತ್ರ. ತೊಗಲು ಬಿಗಿದ ಆರು ಕರಡಿವಾದ್ಯ, ಊದುವ ನಾಲ್ಕು ಸನಾದಿ, ಬಡಿಯುವ ಎರಡು ದಿಮ್ಮು, ಒಂದು ಜೋಡಿ ಕಂಚಿನ ತಾಳ. ತಾನು ಮಾತ್ರ ಏನೂ ಬಾರಿಸುತ್ತಿರಲಿಲ್ಲ. ಹರೆಯದಲ್ಲಿ ಕರಡಿ ಬಾರಿಸಿ ಬಾರಿಸಿ ಬಲಗೈ ಮಣಿಕಟ್ಟು ಸೆಟೆದುಕೊಂಡಿತ್ತಂತೆ. ಎಡಗೈಯಲ್ಲಿ ಒಂದು ಹುಣಸೆಬರಲು, ಹುಣಸೆಯ ತೆಳ್ಳನೆ ಕೋಲು, ಹಿಡಿದಿರುತ್ತಿದ್ದ. ಅದು ಮೇಲೆದ್ದರೆ ಸನಾದಿ ಏಳುತ್ತಿತ್ತು, ಕೆಳಗಿಳಿದರೆ ಕರಡಿ ಗುಡುಗುತ್ತಿತ್ತು. ತಾಳ ತಪ್ಪಿದವನ ಮೊಣಕಾಲ ಕೆಳಗೆ ಅದೇ ಬರಲು ಚುರ್ ಅನ್ನುತ್ತಿತ್ತು.

ನಾನು ಅವನನ್ನು ಮೊದಲು ನೋಡಿದ್ದು ನರಗುಂದದಲ್ಲಿ, ಒಬ್ಬ ಸಾವುಕಾರರ ಮನೆಯ ಮದುವೆಯಲ್ಲಿ. ಆಗ ನಾನು ಕೋಟೆಬಾಗಿಲ ಕಾವಲಿನವ, ಮೀಸೆಗೆ ಎಣ್ಣೆ ಹಚ್ಚಿಕೊಂಡು ತಿರುಗುವ ದಿನಗಳು. ಸಾವುಕಾರರಿಗೆ ಸಿಟ್ಟು ಬಂತು. "ಏನಲೇ, ನನ್ನ ಅಂಗಳದಾಗ ನಿಂತು ನನಗ ಬೆನ್ನ ತೋರಸ್ತೀ?"

ಈರಪ್ಪಜ್ಜ ತಿರುಗದೆಯೇ ಅಂದ: "ನಾ ನಿಮ್ಮ ಮುಖ ನೋಡಕೋತ ನಿಂತ್ರ, ನನ್ನ ಮಂದಿ ಯಾರ ಮುಖ ನೋಡಬೇಕ್ರಿ ಧಣ್ಯಾರ?"

ನಾನು ಬಿದ್ದು ಬಿದ್ದು ನಕ್ಕೆ. ಆ ಮುಖದ ಮೇಲೆ ನನ್ನ ಜೀವ ನಿಲ್ಲುವ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಎರಡು ವರ್ಷಕ್ಕೆ ನರಗುಂದದ ಕೋಟೆ ಬಿತ್ತು. ಇಂಗ್ರೇಜಿ ಸರಕಾರದ ಸಿಪಾಯಿಗಳು ಕೋಟೆಯವರನ್ನು ಹುಡುಕಿ ಹುಡುಕಿ ಗಲ್ಲಿಗೆ ಹಾಕುತ್ತಿದ್ದರು. ನಾನು ಕಾಲಿಗೆ ಮೆತ್ತಿದ ಎರೆಮಣ್ಣು ಹೊತ್ತುಕೊಂಡೇ ಮೂರು ದಿನ ಓಡಿ, ಒಂದು ಮುಂಜಾನೆ ಅಬ್ಬಿಗೇರಿಯ ಈರಪ್ಪಜ್ಜನ ದನದ ಕೊಟ್ಟಿಗೆಯಲ್ಲಿ ಬಿದ್ದೆ. ಅಂದು ಮೇಳ ಗಜೇಂದ್ರಗಡದ ಮದುವೆಗೆ ಹೊರಟಿತ್ತು. ಅಲ್ಲಿಂದ ಮುಂದೆ ನಿಜಾಮರ ಮೊಗಲಾಯಿ ಸೀಮೆ. ಗಡಿ ದಾಟಿದರೆ ಬದುಕಿದೆ. ಮೇಳದ ತಾಳದವ ಚಳಿಜ್ವರ ಬಂದು ಮಲಗಿದ್ದ.

ಈರಪ್ಪಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ತಾಳ ಹಾಕಾಕ ಬರ್ತದನು?"

"ಇಲ್ರಿ."

"ಸಾಯಾಕ?"

"ಅದೂ ಬರೂದಿಲ್ರಿ ಅಜ್ಜಾರ" ಅಂದೆ.

"ಹಂಗಾರ ಹಿಡಿ ತಾಳ" ಅಂದ.

ದಾರಿಯುದ್ದಕ್ಕೂ ಒಂದೇ ಪಾಠ. "ಏಳು ಎಣಸು, ಎಂಟಕ್ಕ ಒಂದ ಪೆಟ್ಟು. ಮತ್ತೇನೂ ಮಾಡಬ್ಯಾಡ. ಶಾಣ್ಯಾತನ ಅಂತೂ ಬ್ಯಾಡೇ ಬ್ಯಾಡ." ಮೇಳದವರು ಒಬ್ಬರೂ ನನ್ನ ಹೆಸರು ಕೇಳಲಿಲ್ಲ. ನಾನು ಸಿಕ್ಕಿಬಿದ್ದರೆ ಅವರ ಕುತ್ತಿಗೆಗೂ ಹಗ್ಗವೇ. ಅದು ಎಲ್ಲರಿಗೂ ತಿಳಿದಿತ್ತು.

ನರೇಗಲ್ಲಿನ ಹಳ್ಳದ ದಂಡೆಯಲ್ಲಿ ಸಿಪಾಯಿಗಳ ಚೌಕಿ. ಜಮಾದಾರ ಒಬ್ಬೊಬ್ಬರ ಅಂಗೈ ನೋಡುತ್ತ ಬಂದು ನನ್ನ ಹೆಬ್ಬೆರಳು ಹಿಡಿದ. ಬಂದೂಕಿನ ಮದ್ದು ಸುಟ್ಟ ಕಪ್ಪು ಕಲೆ ಎದ್ದು ಕಾಣುತ್ತಿತ್ತು.

"ಏನಿದು?"

"ಬೆಂಕಿ ಮುಂದ ಕುಂತು ಕರಡಿ ತೊಗಲ ಕಾಸ್ತಾನ್ರಿ" ಅಂದ ಈರಪ್ಪಜ್ಜ, ಕಣ್ಣು ಪಿಳುಕಿಸದೆ.

"ಹೌದಾ? ಹಂಗಾರ ಬಾರಸ್ರಿ. ನಾನೂ ಬಾಜಾ ಕೇಳಿ ಬೆಳದಾಂವ. ಕಳ್ಳ ಇದ್ರ ತಾಳದಾಗ ಸಿಗ್ತಾನ."

ಈರಪ್ಪಜ್ಜ ಜಮಾದಾರನಿಗೂ ಬೆನ್ನು ಕೊಟ್ಟು ನಿಂತ. ಬರಲು ಎದ್ದಿತು. ಮೊದಲ ಸುತ್ತು ಹೇಗೋ ದಾಟಿತು. ಎರಡನೆಯ ಸುತ್ತಿನಲ್ಲಿ ಜಮಾದಾರ ನನ್ನ ಮಗ್ಗುಲಿಗೇ ಬಂದು ನಿಂತ. ಐದು, ಆರು... ನನ್ನ ದರಿದ್ರ ಕೈ ಏಳಕ್ಕೇ ಬಡಿಯಿತು. ಗಾಬರಿಯಲ್ಲಿ ಎಂಟಕ್ಕೂ ಬಡಿಯಿತು. ಜಮಾದಾರನ ಕೈ ಕತ್ತಿಯ ಹಿಡಿಗೆ ಹೋಯಿತು. ಮುಗೀತು ಅಂದುಕೊಂಡೆ, ಅವ್ವನನ್ನು ನೆನೆಸಿಕೊಂಡೆ.

ಈರಪ್ಪಜ್ಜ ಬರಲು ನಿಲ್ಲಿಸಲಿಲ್ಲ. ಮುಖದಲ್ಲಿ ಗಾಬರಿಯಿಲ್ಲ, ಸಿಟ್ಟೂ ಇಲ್ಲ. ನನ್ನನ್ನು ಬಿಟ್ಟು ಉಳಿದ ಹನ್ನೆರಡು ಮಂದಿಯ ಕಣ್ಣುಗಳನ್ನು ಒಂದೊಂದಾಗಿ ನೋಡಿ ಹುಬ್ಬು ಏರಿಸಿದ. ಮೂರನೆಯ ಸುತ್ತಿನ ಏಳಕ್ಕೆ ಬರಲು ಕೆಳಗೆ ಬಂತು, ಎಂಟಕ್ಕೆ ಮತ್ತೆ ಬಂತು. ಆರೂ ಕರಡಿ, ಎರಡೂ ದಿಮ್ಮು ಕೂಡಿಯೇ ಜೋಡಿಪೆಟ್ಟು ಹಾಕಿದವು. ಸನಾದಿಯವರೂ ಅಲ್ಲಿಗೇ ಉಸಿರು ಒಡೆದು ಎತ್ತಿಕೊಂಡರು. ನನ್ನ ಕೈ ಅವರ ಹಿಂದೆಯೇ ಓಡಿತು. ಹೀಗೆ ಹತ್ತು ಸುತ್ತು. ಜಮಾದಾರ ಸ್ವಲ್ಪ ಹೊತ್ತು ಕೇಳಿ ತಲೆದೂಗತೊಡಗಿದ. "ಈ ಜೋಡಿಪೆಟ್ಟು ನಮ್ಮ ಕಡಿ ಇಲ್ಲ ನೋಡು. ಚಲೋ ಅದ. ಹೋಗ್ರಿ."

ಹಳ್ಳ ದಾಟಿದ ಮೇಲೆ ನಾನು ಅವನ ಕಾಲು ಹಿಡಿಯಲು ಹೋದರೆ ಅವನೇ ಬೈದ. "ಏಳೋ ಮಂಗ್ಯಾ. ಒಬ್ಬ ಮಾಡಿದ್ರ ತಪ್ಪು, ಹದಿಮೂರು ಮಂದಿ ಮಾಡಿದ್ರ ಪದ್ಧತಿ." ಆಮೇಲೆ ಮೇಳದ ಕಡೆ ತಿರುಗಿದ. "ಆ ಜಮಾದಾರ ಈ ಸೀಮಿ ತುಂಬ ತಿರಗಾಂವ. ನಾಳೆ ಎಲ್ಲೆರ ಜೋಡಿಪೆಟ್ಟು ಇಲ್ಲದ ಕೇಳಿದ್ನಂದ್ರ ನಾವೆಲ್ಲಾ ಹೋದಂಗ. ಇನ್ನ ಮ್ಯಾಲ ಹಿಂಗ ಬಾರಸೂದು. ಯಾರಿಗೂ ಕಾರಣ ಹೇಳೂದಲ್ಲ."

ತಾಳ ತಪ್ಪಿದವರನ್ನು ಜೀವಮಾನದಲ್ಲಿ ಬಿಡದವ ನನ್ನ ತಪ್ಪನ್ನು ತನ್ನ ಮಜಲಿನೊಳಗೇ ಸೇರಿಸಿಕೊಂಡ. ಅದು ಅವನಿಗೆ ಎಷ್ಟು ಚುಚ್ಚಿತೋ ನನಗೆ ಗೊತ್ತಿಲ್ಲ. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಬೀಳ್ಕೊಡುವಾಗ ನಾನೇ ಧೋತರ ಎತ್ತಿ ಕಾಲು ಮುಂದೆ ಚಾಚಿದೆ. "ನನ್ನ ಪೆಟ್ಟು ಹೊಡದಬಿಡ್ರಿ ಅಜ್ಜಾರ."

"ಈಗ ಹೊಡದ್ರ ಕುಂಟಕೋತ ಹ್ಯಾಂಗ ಓಡ್ತಿ? ತಿರುಗಿ ಬಾ, ಹೊಡೀತೀನಿ. ಬಿಡಾಂವಲ್ಲ ನಾನು."

ಮಾಫಿ ಸಿಕ್ಕು ನಾನು ತಿರುಗಿ ಬರುವಷ್ಟರಲ್ಲಿ ಹನ್ನೆರಡು ವರ್ಷ ಹೋಗಿತ್ತು. ಮೊಗಲಾಯಿಯಲ್ಲಿ ಹೊಲ ಕಾಯುತ್ತ ಕಲ್ಲಿಗೆ ಕಲ್ಲು ಬಡಿದು ಅವನ ಪಾಠ ಕಲಿತಿದ್ದೆ. ಏಳು ಎಣಿಸಿ ಎಂಟಕ್ಕೆ ಒಂದೇ ಪೆಟ್ಟು. ಅಬ್ಬಿಗೇರಿಗೆ ಬಂದರೆ ಈರಪ್ಪಜ್ಜ ಮಣ್ಣಾಗಿ ನಾಲ್ಕು ವರ್ಷ. ಅಂದಿನವರು ಯಾರೂ ಮೇಳದಲ್ಲಿ ಉಳಿದಿರಲಿಲ್ಲ. ಕಟ್ಟೆಯ ಮೇಲೆ ತಾಲೀಮು ನಡೆದಿತ್ತು. ಅವನ ಕೊನೆಯ ಶಿಷ್ಯ ಬಸಲಿಂಗ ಊರಿಗೆಲ್ಲ ಬೆನ್ನು ಕೊಟ್ಟು ನಿಂತಿದ್ದ, ಕೈಯಲ್ಲಿ ಅದೇ ಬರಲು. ನಾನು ಬೇಡಿಕೊಂಡು ತಾಳ ಇಸಿದುಕೊಂಡೆ. ಏಳು ಎಣಿಸಿದೆ. ಎಂಟಕ್ಕೆ, ಈರಪ್ಪಜ್ಜ ಹೇಳಿಕೊಟ್ಟ ಹಾಗೆ, ಅಚ್ಚುಕಟ್ಟಾಗಿ ಒಂದೇ ಪೆಟ್ಟು ಹಾಕಿದೆ.

ಮೊಣಕಾಲ ಕೆಳಗೆ ಚುರ್ ಅಂತು.

"ಏಳಕ್ಕೊಂದು, ಎಂಟಕ್ಕೊಂದು!" ಬಸಲಿಂಗ ಗದರಿದ. "ನಮ್ಮ ಈರಪ್ಪಜ್ಜ ಹಾಕಿಕೊಟ್ಟ ಜೋಡಿಪೆಟ್ಟು ಅದು. ತಪ್ಪಿಸಿದ್ರ ನಾ ಬಿಡಾಂವಲ್ಲ."

ಉರಿಗೆ ಅಳು ಬಂತು ಅಂದುಕೊಂಡಿರಬೇಕು ಅವನು. ಅಂದುಕೊಳ್ಳಲಿ. "ತಪ್ಪಾತ್ರಿ" ಅಂದೆ, ಮತ್ತೆ ಒಂದರಿಂದ ಎಣಿಸತೊಡಗಿದೆ.