ಸ್ಕೋಫೀಲ್ಡ್ಸ್‌ನ ಹಾವಿನ ಕಲ್ಲು

ಸ್ಕೋಫೀಲ್ಡ್ಸ್‌ನ ಹೊಸ ಬಡಾವಣೆಯಲ್ಲಿ ಯಾರೋ ಮನೆ ಮುಂದೆಯೇ ಸಮಾಧಿ ಕಟ್ಟಿದ್ದಾರೆ ಅಂತ ಕೌನ್ಸಿಲ್‌ಗೆ ಕಂಪ್ಲೇಂಟ್ ಬಂತು. ಅಲ್ಲಿ ಕಟ್ಟಡಗಳ ಇನ್‌ಸ್ಪೆಕ್ಟರ್ ನಾನೇ ಆದ್ದರಿಂದ ಹೋಗಬೇಕಾಯಿತು. ಸಮಾಧಿಯೇ ಆಗಿದ್ದರೆ ಕೀಳಿಸದೆ ಬೇರೆ ದಾರಿಯಿರಲಿಲ್ಲ.

ನೋಡಿದರೆ ಎದೆಯೆತ್ತರದ ಕಲ್ಲು. ಅದರ ಮೇಲೆ ಸುರುಳಿ ಸುತ್ತಿಕೊಂಡ ಹಾವಿನ ಕೆತ್ತನೆ, ಹಾವಿನ ಮೈಮೇಲೆ ಕೆಂಪು ಬಳಿದ ಕಡ್ಡಿ ಕಡ್ಡಿ ಅಕ್ಷರ. ನಾನು ಉಡುಪಿಯಿಂದ ಈ ದೇಶಕ್ಕೆ ಬಂದವಳು. ನಾಗನ ಕಲ್ಲೆಂದು ಬೂಟು ಬಿಚ್ಚಿ ಕೈ ಮುಗಿದೇಬಿಟ್ಟೆ.

ಮನೆಯೊಡತಿ, ಸ್ವೀಡನ್ ಮೂಲದ ಅಜ್ಜಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಥ್ಯಾಂಕ್ಸ್. ಆದರೆ ನಾನಿನ್ನೂ ಸತ್ತಿಲ್ಲ" ಅಂದರು.

"ಅಂದರೆ ಇದು ನಿಮ್ಮ ಕಲ್ಲಾ?"

"ನನ್ನದೇ. ಸಾವಿರ ವರ್ಷದ ಹಿಂದೆ ನಮ್ಮ ಕಡೆಯ ವೈಕಿಂಗ್ ಜನ ಬರೆಯುತ್ತಿದ್ದ ರೂನ್ ಲಿಪಿ ಇದು. ಆಗ ಕೆಲವರು ಬದುಕಿರುವಾಗಲೇ ತಾವು ಮಾಡಿದ್ದನ್ನೆಲ್ಲ ಕೆತ್ತಿಸಿ ತಮ್ಮ ನೆನಪಿಗೆ ಕಲ್ಲು ನಿಲ್ಲಿಸಿಕೊಳ್ಳುತ್ತಿದ್ದರು. ಹೋಗಿಬರುವವರು ಓದಲಿ ಅಂತ ದಾರಿ ಬದಿಯಲ್ಲೇ. ಕೆಳಗೆ ಹೆಣ ಗಿಣ ಏನೂ ಇಲ್ಲ, ಬೇಕಾದರೆ ಅಗೆದು ನೋಡಮ್ಮ."

ಹಾವಿನ ಬಾಲದ ಕಡೆ ಅರ್ಧ ಮೈ ಖಾಲಿಯಿತ್ತು. "ಈ ಜಾಗ... ಕೊನೆಯ ದಿನಾಂಕಕ್ಕಾ?" ಅಂತ ಅಳುಕುತ್ತಲೇ ಕೇಳಿದೆ.

"ಛೆ! ಈ ಬೇಸಿಗೆಯಲ್ಲಿ ಈಜು ಕಲಿತೆ, ಅದನ್ನೇ ಇನ್ನೂ ಕೆತ್ತಿಲ್ಲ. ಆಮೇಲೆ ಡ್ರಮ್ಸ್ ಕಲಿಯುವುದಿದೆ."

ರಿಪೋರ್ಟಿನಲ್ಲಿ 'ಸಮಾಧಿಯಲ್ಲ' ಅಂತ ಬರೆದೆ. ಕಾರಣ ಬರೆಯುವಾಗ ನಮ್ಮೂರ ರಸ್ತೆಗಳಲ್ಲಿ ವರ್ಷಗಟ್ಟಲೆ ನಿಂತಿರುವ ಬೋರ್ಡು ನೆನಪಾಗಿ, ಅದನ್ನೇ ಇಂಗ್ಲಿಷಿನಲ್ಲಿ ಹಾಕಿದೆ: ಕಾಮಗಾರಿ ಪ್ರಗತಿಯಲ್ಲಿದೆ.